ಅಕ್ಕನ ಗಡಿಯಾರ, ನನ್ನ ಬಲಗಾಲು

ಕೂತರೆ ಸಾಕು, ನನ್ನ ಬಲಗಾಲು ಹೊಲಿಗೆ ಯಂತ್ರದಂತೆ ಶುರುವಾಗುತ್ತದೆ. ‘ಕಾಲು ಅಲ್ಲಾಡಿಸ್ಬೇಡ್ವೇ, ಮನೆಗೆ ಒಳ್ಳೇದಲ್ಲ’ ಎಂದು ಬೈದೂ ಬೈದೂ ಅಮ್ಮನ ಗಂಟಲೇ ಬಿದ್ದುಹೋಗಿತ್ತು.

ಅಕ್ಕ ಇಂದಿರಾನಗರದ ಹಳೇ ಮನೆಯೊಂದರ ಮಹಡಿಯಲ್ಲಿ, ಕೆಲಸದ ಜೊತೆಗಾರನಾದ, ನಾನು ಅಣ್ಣ ಎನ್ನುತ್ತಿದ್ದ ಧಾರವಾಡದವನೊಂದಿಗೆ, ಹೊತ್ತೊಯ್ಯಬಹುದಾದ ಪರಮಾಣು ಗಡಿಯಾರ ಮಾಡುತ್ತಿದ್ದಳು. ‘ಬ್ರಹ್ಮಾಂಡದಲ್ಲೇ ಚಿಕ್ಕದು’ ಎಂದು ನಾನು ಕ್ಲಾಸಿನಲ್ಲೆಲ್ಲ ಸಾರಿದ್ದೆ. ನಿಜಕ್ಕೂ ಅದು ಅಕ್ಕಿ ಡಬ್ಬದಷ್ಟಿತ್ತು. ಒಳಗೆ ಓಡಾಡುವ ಪರಮಾಣುಗಳನ್ನು ಸುತ್ತಲಿಂದ ಲೇಸರ್ ಬೆಳಕು ಬಿಟ್ಟು ತಣ್ಣಗೆ ಕೂರಿಸುತ್ತಿದ್ದರು. ಕೂತವು ಕರಾರುವಾಕ್ಕಾಗಿ ಹೊತ್ತು ಹೇಳುತ್ತಿದ್ದವು. ಪರಮಾಣುಗಳನ್ನೇ ಕೂರಿಸಿದವಳಿಗೆ ತಂಗಿಯನ್ನು ಕೂರಿಸಲಾಗಲಿಲ್ಲ.

ಮರುದಿನ ವಿಮಾನಪುರದ ವಿಮಾನ ಕಾರ್ಖಾನೆಯಿಂದ ಅದನ್ನು ನೋಡಲು ಬರುವವರಿದ್ದರು. ಒಪ್ಪಿದರೆ ವಿಮಾನದಲ್ಲಿ ಪರೀಕ್ಷೆ. ಇಲ್ಲದಿದ್ದರೆ ಅಕ್ಕನ ಎರಡು ವರ್ಷದ ದುಡಿಮೆ ನೀರುಪಾಲು. ಆದರೆ ಗಡಿಯಾರಕ್ಕೆ ಜೋಡಿಸಿದ್ದ ಪರದೆಯ ಮೇಲೆ ನೆಟ್ಟಗಿರಬೇಕಾದ ಗೆರೆ ಮಧ್ಯಾಹ್ನದಿಂದ ಒಂದೇ ಸಮನೆ ನಡುಗುತ್ತಿತ್ತು.

‘ಮೆಟ್ರೋ ಅಕ್ಕಾ, ಗ್ಯಾರಂಟಿ ಮೆಟ್ರೋ.’ ಗಡಿಯಾರವಿದ್ದ ಮೇಜಿಗೆ ಮೊಣಕಾಲು ಒರಗಿಸಿ ಕೂತು ತೀರ್ಪು ಕೊಟ್ಟೆ.

ಫ್ಯಾನ್ ಆರಿಸಿದರು. ಫ್ರಿಜ್ ಆರಿಸಿದರು. ಕೆಳಮನೆ ಆಂಟಿಯ ಮಿಕ್ಸಿಯನ್ನೂ ನಿಲ್ಲಿಸಿದರು. ‘ನಮ್ಮನೆ ಚಟ್ನಿ ನಿಮ್ಗೇನ್ರೀ ಮಾಡ್ತು?’ ಎಂದು ಆಕೆ ಮೆಟ್ಟಿಲಿನಿಂದಲೇ ಕೂಗಿದರು. ಗೆರೆಯ ನಡುಕ ನಿಲ್ಲಲಿಲ್ಲ.

‘ಭೂಕಂಪ ಇರ್ಬೇಕು,’ ಎಂದೆ.

‘ತಲೆ ತಿನ್ಬೇಡ, ಹೋಗಿ ಟೀ ತಗೊಂಡ್ ಬಾರೇ!’

ಟೀ ತಂದಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಗೆರೆ ಸ್ಕೇಲಿಟ್ಟು ಎಳೆದಂತಿತ್ತು. ನಾನು ಕೂತೆ. ಅದು ಕುಣಿಯಿತು.

ಅಣ್ಣ ಪರದೆ ನೋಡಿದ, ಮೇಜು ನೋಡಿದ, ನನ್ನ ಮೊಣಕಾಲು ನೋಡಿದ. ‘ತಂಗೀ, ಕಾಲು ನಿಂದರಸು.’

ನಿಲ್ಲಿಸಿದೆ. ಗೆರೆಯೂ ನಿಂತಿತು.

‘ಇಕೀನ್ನ ಹೊರಗ ಹಾಕಿದ್ರ ಮುಗೀತು,’ ಎಂದ.

ನಾನು ಬಾಗಿಲ ಕಡೆ ಜಾರುತ್ತಿದ್ದೆ. ಅಕ್ಕ ಜಡೆ ಹಿಡಿದಳು. ‘ಇವಳ ಕಾಲಿಗೇ ಹೆದರೋದು ವಿಮಾನದಲ್ಲಿ ಏನ್ ತಡ್ಕೊಳತ್ತೆ? ಕೂತ್ಕೊಳೇ. ಅಲ್ಲಾಡಿಸ್ತಾನೇ ಇರು.’

ಮುಚ್ಚಳ ತೆಗೆದು ಒಂದೊಂದೇ ಭಾಗವನ್ನು ಒತ್ತಿ ನೋಡಿದರು. ಸಂಜೆಯ ಹೊತ್ತಿಗೆ ಲೇಸರ್ ಬೆಳಕನ್ನು ತಿರುಗಿಸುವ ಒಂದು ಪುಟ್ಟ ಕನ್ನಡಿಯ ಹಿಡಿ ಸಡಿಲವಾಗಿದ್ದದ್ದು ಸಿಕ್ಕಿತು.

‘ಅಕ್ಕಾ, ಕಾಲು ಕಳಚ್ಕೊಂಡ್ ಬೀಳತ್ತೆ!’

‘ನಿಲ್ಲಿಸಿದ್ರೆ ನೋಡು!’

ಸ್ಕ್ರೂ ಬಿಗಿಸಿದರು. ನಾನು ಮೇಜೇ ಹಾರುವಂತೆ ಅಲ್ಲಾಡಿಸಿದೆ. ಗೆರೆ ಅಲುಗಲಿಲ್ಲ.

ಮರುದಿನ ನನಗೆ ಶಾಲೆಗೆ ರಜೆ, ಅದೇ ಜಾಗದಲ್ಲಿ ಕುರ್ಚಿ. ಬಂದವರಲ್ಲಿ ಹಿರಿಯರೊಬ್ಬರು ಅಕ್ಕನ ಹತ್ತಿರ ಬಾಗಿ, ‘ಆ ಹುಡುಗಿಗೆ ಕಾಲು ಅಲ್ಲಾಡಿಸ್ಬೇಡ ಅಂತ ಹೇಳಬಾರ್ದೇನಮ್ಮಾ?’ ಎಂದರು.

‘ಡ್ಯೂಟಿ ಮೇಲಿದಾಳೆ ಸಾರ್.’

ಅವರು ಗೆರೆ ನೋಡಿದರು. ಮತ್ತೆ ನನ್ನ ಕಾಲು ನೋಡಿದರು. ಆಮೇಲೆ ಗಡಿಯಾರದ ಪೆಟ್ಟಿಗೆಯನ್ನು ಜೀಪಿಗೆ ಏರಿಸಲು ಹೇಳಿದರು.