ಮೆಟ್ಟಿಲವರೆಗೆ ಬರುತ್ತಿದ್ದ ವೈಫೈ

ನನ್ನ ವೈಫೈ ಡಬ್ಬಿ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದದ್ದು ನಾನಲ್ಲ, ಕೆಳಗಿನ ಮನೆಯ ಅಜ್ಜಿ. ನಾನಿರುವ ಮಹಡಿಯ ಕೋಣೆಗೂ ಅವರೇ ಮಾಲೀಕರು. ಆ ಸಂಜೆ ಎಂದಿನಂತೆ ನಮ್ಮ ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ಉಜ್ಜಿದರು, ಒಮ್ಮೆ ಕೊಡವಿದರು, ಆಮೇಲೆ ಮುಖ ಮೇಲೆತ್ತಿ ಕೂಗಿದರು.

"ಏನಪ್ಪ, ನಿನ್ ಡಬ್ಬ್ಯಾಗೆ ಸಿನಿಮಾ ಎಲ್ಲಾ ಖಾಲಿ ಆದ್ವೇನು?"

ಎದೆ ಧಸಕ್ಕೆಂದಿತು. ನನ್ನ ಎದೆಗೆ ಇದೇನೂ ಹೊಸದಲ್ಲ. ಬಾಗಿಲು ಬಡಿದರೂ, ಬಡಿಯದಿದ್ದರೂ ಅದು ಹಾಗೇ ಅನ್ನುತ್ತದೆ. ಆದರೆ ಈ ಸಲ ಕಾರಣವಿತ್ತು.

ಹೊಸದುರ್ಗಕ್ಕೆ ನಾನು ಬಂದದ್ದು ಹಿರಿಯೂರಿನಿಂದ ವರ್ಗವಾಗಿ. ಹಿರಿಯೂರಿನಲ್ಲಿ ಹೆದ್ದಾರಿಯ ಪಕ್ಕದ ಕೋಣೆ. ಮಾತಾಡುವವರು ಅಲ್ಲೂ ಇರಲಿಲ್ಲ. ಆದರೆ ಬಸ್ಸು ಲಾರಿಗಳ ಸದ್ದಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಸಂಜೆ ಆರಕ್ಕೆಲ್ಲ ಓಣಿ ತಣ್ಣಗಾಗುತ್ತದೆ. ನನಗೆ ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ನೆಂಟರು ಮೊದಲು ನಮ್ಮೂರು ತುರುವನೂರಿನ ತುಂಬ ಇದ್ದರು. ಈಗ ಅವರೂ ಕೇಳುವುದನ್ನು ಬಿಟ್ಟಿದ್ದಾರೆ. ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು, ಬಿಟ್ಟ ಮೇಲೆ ಅದಕ್ಕಿಂತ ಬೇಜಾರಾಯಿತು.

ಮೊಬೈಲಿನ ಇಂಟರ್ನೆಟ್ ಸಾಲುವುದಿಲ್ಲ ಎಂದು ಸಿಮ್ ಹಾಕುವ ಒಂದು ಪುಟ್ಟ ವೈಫೈ ರೂಟರ್ ತಂದೆ. ಸೋಪಿನ ಡಬ್ಬಿಯಷ್ಟು ದೊಡ್ಡದು, ಒಳಗೆ ಬ್ಯಾಟರಿ. ಪಕ್ಕದಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿ. ಅಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದರೆ, ಆ ವೈಫೈಗೆ ಸೇರಿದ ಎಲ್ಲರ ಮೊಬೈಲಿನಲ್ಲೂ ಅದರಲ್ಲಿರುವುದನ್ನು ನೋಡಬಹುದು, ಇಂಟರ್ನೆಟ್ ಒಂದಿಷ್ಟೂ ಖರ್ಚಾಗುವುದಿಲ್ಲ ಎಂದು ಅದರ ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು. "ಎಲ್ಲರ" ಎಂಬ ಮಾತನ್ನು ನಾನು ಎರಡು ಸಲ ಓದಿದೆ. ನನ್ನ ಮನೆಯಲ್ಲಿ ಎಲ್ಲರೂ ಎಂದರೆ ನಾನು.

ಆದರೂ ಹಳೆಯ ಸಿನಿಮಾಗಳನ್ನು ತುಂಬಿ ಸಿಕ್ಕಿಸಿದೆ. ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಒಂದು ದಿನ, "ಏನ್ ಸಾರ್, ಒಬ್ರೇ ನಗ್ತಿದ್ರಿ, ಏನ್ ನೋಡ್ತಿದ್ರಿ?" ಎಂದರು. ತೋರಿಸಿದೆ. ಮರುದಿನ ತಮ್ಮ ಮೊಬೈಲ್ ಹಿಡಿದು ಬಂದರು. ಅವರನ್ನು ಕಂಡು ಅಜ್ಜಿ ಬಂದರು, ಅಜ್ಜಿಯನ್ನು ಕಂಡು ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಅಕ್ಕ ಬಂದರು.

ಎಲ್ಲರೂ ಮೆಟ್ಟಿಲ ಮೇಲೆಯೇ ಕೂರಬೇಕಿತ್ತು. ಯಾಕೆಂದರೆ ಡಬ್ಬಿಯನ್ನು ನಾನು ಕಬ್ಬಿಣದ ಬೀರುವಿನೊಳಗೆ ಇಟ್ಟಿದ್ದೆ. ಹೊರಗಿಟ್ಟರೆ ಕಳ್ಳರು, ಗೋಡೆಯ ಮೇಲಿಟ್ಟರೆ ಹಲ್ಲಿ, ಕಿಟಕಿಯಲ್ಲಿಟ್ಟರೆ ಸಿಡಿಲು. ಬೀರುವಿನ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟರೆ ವೈಫೈ ಹೊರಬಂದು, ಹೊಸ್ತಿಲು ದಾಟಿ, ಮೆಟ್ಟಿಲ ಅರ್ಧದವರೆಗೆ ಇಳಿದು ನಿಲ್ಲುತ್ತಿತ್ತು. ನನ್ನ ರಾಜ್ಯದ ಗಡಿ ಅಷ್ಟೆ. ಆ ಗಡಿಯೊಳಗೆ ಮೂವರೂ ಮೆಟ್ಟಿಲಿಗೊಬ್ಬರಂತೆ ಕೂತು ತಂತಮ್ಮ ಸಿನಿಮಾ ನೋಡುತ್ತಿದ್ದರು. ಮಾತು ಕಡಿಮೆ. ನಾನು ಚಹಾ ಮಾಡುತ್ತಿದ್ದೆ. "ಸಕ್ರಿ ಜಾಸ್ತಿ ಆತು ಕಣಪ್ಪ" ಎಂದು ಅಜ್ಜಿ ಬೈಯುತ್ತಿದ್ದರು. ಅಷ್ಟು ಬೈಸಿಕೊಳ್ಳುವುದಕ್ಕಾಗಿಯೇ ಒಂದು ಚಮಚ ಹೆಚ್ಚು ಹಾಕಿದ್ದೂ ಉಂಟು.

ಈಗ ಅದು ಕೆಟ್ಟಿತ್ತು. ಸರಿಹೋಗದಿದ್ದರೆ ಆ ಮೂವರು ನನ್ನ ಮೆಟ್ಟಿಲಿಗೆ ಬರಲು ಬೇರೆ ಯಾವ ಕಾರಣವೂ ಇರಲಿಲ್ಲ. ಆರು ಗಂಟೆಯ ಮೇಲಿನ ನನ್ನ ಬದುಕೆಲ್ಲ ಆ ಕಿಂಡಿಯ ಮೇಲೆ ನಿಂತಿತ್ತು.

ಇಂಟರ್ನೆಟ್ ಬರುತ್ತಿತ್ತು, ಪೆನ್‌ಡ್ರೈವ್ ಮಾತ್ರ ಕಾಣುತ್ತಿರಲಿಲ್ಲ. ರೂಟರಿನ ಸೆಟ್ಟಿಂಗ್ ಪುಟ ತೆಗೆದರೆ ಸ್ಟೋರೇಜ್ ಎಂಬಲ್ಲಿ "ಯಾವ ಸಾಧನವೂ ಸಿಕ್ಕಿಲ್ಲ" ಎಂಬ ಅರ್ಥದ ಒಂದು ಸಾಲು. ಆಫ್ ಮಾಡಿ ಆನ್ ಮಾಡಿದೆ. ಬ್ಯಾಟರಿ ತೆಗೆದು ಹಾಕಿದೆ. ಪೆನ್‌ಡ್ರೈವನ್ನು ಆಫೀಸಿನ ಕಂಪ್ಯೂಟರಿಗೆ ಸಿಕ್ಕಿಸಿದೆ; ಸಿನಿಮಾಗಳೆಲ್ಲ ಸುಖವಾಗಿದ್ದವು. ಬೇರೆ ಪೆನ್‌ಡ್ರೈವ್ ತಂದು ಡಬ್ಬಿಗೆ ಸಿಕ್ಕಿಸಿದೆ, ಅದೂ ಸಿಕ್ಕಿಲ್ಲವಂತೆ. ಅಂದರೆ ತಪ್ಪು ಡಬ್ಬಿಯದೇ. ಹಂಚಿಕೊಳ್ಳುವ ಬಗೆ ಎಂಬಲ್ಲಿ ಎರಡು ಆಯ್ಕೆಗಳಿದ್ದವು. ಒಂದು ತಂತಿಯಲ್ಲಿ ಸೇರಿದ ಕಂಪ್ಯೂಟರಿಗೆ ಮಾತ್ರ, ಇನ್ನೊಂದು ವೈಫೈಯಲ್ಲಿರುವ ಎಲ್ಲರಿಗೂ. ಎಲ್ಲರಿಗೂ ಎಂದೇ ಇತ್ತು. ನಂಬಿಕೆ ಬಾರದೆ ಅದನ್ನು ಬದಲಿಸಿ, ಮತ್ತೆ ಮೊದಲಿನಂತೆ ಮಾಡಿದೆ. ಏನೂ ಆಗಲಿಲ್ಲ.

ಕೊನೆಗೆ ಡ್ರೈವರ್ ಅಣ್ಣ, "ಹಿಂದ್ಗಡೆ ಒಂದು ತೂತೈತಲ್ಲ ಸಾರ್, ಅದ್ರಾಗೆ ಪಿನ್ ಒತ್ತಿದ್ರೆ ಎಲ್ಲಾ ಹೊಸದಾಗಿ ಶುರು ಆಗ್ತೈತಂತೆ" ಎಂದರು. ಒತ್ತಿದೆ. ನಿಜವಾಗಿಯೂ ಎಲ್ಲ ಹೊಸದಾಯಿತು. ವೈಫೈಗೆ ನಾನಿಟ್ಟಿದ್ದ ಹೆಸರೂ ಪಾಸ್‌ವರ್ಡೂ ಅಳಿಸಿಹೋಗಿ, ಮೂವರ ಮೊಬೈಲೂ ಕಳಚಿಕೊಂಡವು. ಮೊದಲು ಸಿನಿಮಾ ಇರಲಿಲ್ಲ, ಈಗ ವೈಫೈಯೇ ಇಲ್ಲ.

"ಇದ್ದಿದ್ದನ್ನೂ ಕಳ್ಕಂಡ್ರಲ್ಲ ಸಾರ್!" ಎಂದರು, ಒತ್ತಲು ಹೇಳಿದವರೇ.

"ನೀವೇ ಹೇಳಿದ್ರಲ್ಲಣ್ಣ."

"ನಾನ್ ಹೇಳ್ದೆ. ನಾನೇನ್ ಡಾಕ್ಟ್ರಾ? ಡ್ರೈವರ್ರು."

ಮರುದಿನ ಅಜ್ಜಿ ಮೆಟ್ಟಿಲ ಬುಡದವರೆಗೆ ಬಂದು, "ಸರಿ ಹೋತಾ?" ಎಂದು ಕೇಳಿ ಹೋದರು. ಅದರ ಮರುದಿನ ಕೇಳಲಿಲ್ಲ. ಕೈ ತಪ್ಪಿ ನಾಲ್ಕು ಲೋಟದ ಅಳತೆಗೇ ಚಹಾಕ್ಕೆ ನೀರಿಟ್ಟೆ. ಚೆಲ್ಲಲು ಮನಸ್ಸಾಗಲಿಲ್ಲ, ಅಷ್ಟನ್ನೂ ಕುಡಿದೆ. ನಿದ್ದೆ ಬರಲಿಲ್ಲ. ಅದನ್ನು ಚಿಂತೆಯ ಖಾತೆಗೆ ಹಾಕಿದೆ.

ಎರಡನೇ ಶನಿವಾರ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಚಿತ್ರದುರ್ಗದ ರಿಪೇರಿ ಅಂಗಡಿಗೆಂದು ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿ ಹಳ್ಳಿಯ ಹೆಂಗಸೊಬ್ಬರು ಕೂತಿದ್ದರು. ನನಗಿಂತ ಹಿರಿಯರು; ಸೀರೆಯ ಮೇಲೆ ಕಂಬಳಿ, ಕೈತುಂಬ ಬಳೆ. ಬಹಳ ಹೊತ್ತು ನನ್ನ ತೊಡೆಯನ್ನೇ ನೋಡಿ ಕೇಳಿದರು.

"ಏನಪ್ಪ ಅದು, ಕೋಳಿಮರಿನಾ?"

"ಅಲ್ಲಮ್ಮ. ವೈಫೈ ಡಬ್ಬಿ."

"ಏನಾರ ಆಗ್ಲಿ, ಟವಲ್ ಒಂಚೂರು ಸಡ್ಲ ಮಾಡು. ಉಸಿರು ಕಟ್ಟಿಸ್ತೀಯ."

ಸಡಿಲ ಮಾಡಿದೆ. ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಡ್ರೈವರೂ ಕಂಡಕ್ಟರೂ ಚಹಾಕ್ಕೆ ಇಳಿದರು. ಕಿಟಕಿಯಿಂದ ಬಿಸಿಲು ನೇರವಾಗಿ ತೊಡೆಯ ಮೇಲೆ ಬಿತ್ತು. ಪೆನ್‌ಡ್ರೈವಿನ ಕಿಂಡಿಯೊಳಗೆ ಏನೋ ಕೆಂಪಗೆ ಕಂಡಿತು. ಸುಟ್ಟುಹೋಗಿದೆ ಎಂದುಕೊಂಡೆ. ಸುಟ್ಟರೆ ಕಪ್ಪಗಾಗಬೇಕು ಎಂಬುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಆಯಮ್ಮನೂ ಬಗ್ಗಿದರು.

"ಕುಂಕುಮ ಅಲ್ಲೇನಪ್ಪ ಅದು?"

ಕುಂಕುಮವೇ. ಒಳಗೆ ವಿಭೂತಿಯೂ ಇತ್ತು, ಗಟ್ಟಿಯಾಗಿ ಗಾರೆಯ ಹಾಗೆ ಒಣಗಿತ್ತು.

ಅಜ್ಜಿ ಮೆಟ್ಟಿಲಿನಿಂದ ಕೂಗಿದ ದಿನ ಬೆಳಿಗ್ಗೆ, ಆಯುಧಪೂಜೆಗೆಂದು, ನಾನು ಮನೆಯಲ್ಲಿದ್ದ ಯಂತ್ರಗಳನ್ನೆಲ್ಲ ಸಾಲಾಗಿ ಜೋಡಿಸಿ ಪೂಜೆ ಮಾಡಿದ್ದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟಾರ್ಚು, ರೂಟರು. ಒಬ್ಬನ ಮನೆಯಲ್ಲಿ ಆ ಸಾಲೂ ಗಿಡ್ಡ. ಪೂಜೆ ಸರಿಯಾಗಿದೆಯೇ ನೋಡಲು ಡ್ರೈವರ್ ಅಣ್ಣನನ್ನು ಕರೆದಿದ್ದೆ. ಜೀವಮಾನವೆಲ್ಲ ಬಸ್ಸಿಗೆ ಪೂಜೆ ಮಾಡಿದವರು. "ಸಾರ್, ಬೆನ್ನಿಗೆ ಬಳ್ದೀರಲ್ಲ, ಮೂತಿಗೆ ಹಚ್ಬೇಕು, ಮೂತಿಗೆ" ಎಂದಿದ್ದರು. ರೂಟರಿಗೆ ಮೂತಿ ಯಾವುದು? ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದ್ದೆವು. ತೆರೆದ ಕಿಂಡಿಯೊಂದು ಇದ್ದದ್ದರಿಂದ ಅದೇ ಬಾಯಿ, ಬಾಯಿ ಇದ್ದ ಕಡೆಯೇ ಮೂತಿ ಎಂದು ತೀರ್ಮಾನವಾಯಿತು. ಪೆನ್‌ಡ್ರೈವ್ ಹೊರಗೆ ತೆಗೆದು, ಅದಕ್ಕೆ ಬೇರೆಯದೇ ಬೊಟ್ಟಿಟ್ಟು, ಡಬ್ಬಿಯ ಮೂತಿಗೆ ನೀರಿನಲ್ಲಿ ಕಲಸಿದ ವಿಭೂತಿಯನ್ನು ಧಾರಾಳವಾಗಿ ಬಳಿದು, ಮೇಲೆ ಕುಂಕುಮ ಒತ್ತಿದ್ದೆ. ಯಾವ ಕೇಡೂ ಬರದಿರಲಿ ಎಂದು ಎರಡೆರಡು ಸಲ ಒತ್ತಿದ್ದೆ. ಅದು ಒಣಗುವ ಮೊದಲೇ ಪೆನ್‌ಡ್ರೈವನ್ನು ಮತ್ತೆ ಸಿಕ್ಕಿಸಿದ್ದೆ.

ಇದನ್ನೆಲ್ಲ ಆಯಮ್ಮನಿಗೆ ಹೇಳಿದೆ. ಅವರು ನಗಲಿಲ್ಲ.

"ಪೂಜೆ ಮಾಡಿದ್ದೇನೂ ತಪ್ಪಲ್ಲ ಬಿಡು. ಬಾಯಿಗೆ ತುರುಕಿದ್ದು ತಪ್ಪು" ಎಂದು ಬಳೆಗೆ ಸಿಕ್ಕಿಸಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟರು. ಕರೆಂಟು ಹೊಡೆದೀತೆಂದು ಬ್ಯಾಟರಿ ತೆಗೆದು, ಮೆಲ್ಲಗೆ ಕೆರೆದೆ. ಕೆಂಪು ಪುಡಿ ಪಂಚೆಯ ಮೇಲೆಲ್ಲ ಉದುರಿತು. "ಮೆತ್ತಗೆ, ಮೆತ್ತಗೆ" ಎನ್ನುತ್ತ ಅವರೇ ನಡುನಡುವೆ ಊದಿದರು. ಕಿಸೆಯಲ್ಲಿದ್ದ ಪೆನ್‌ಡ್ರೈವ್ ಸಿಕ್ಕಿಸಿ, ಬ್ಯಾಟರಿ ಹಾಕಿ, ಡಬ್ಬಿಯ ಬೆನ್ನಿನ ಮೇಲೆ ಅಚ್ಚಾಗಿದ್ದ ಪಾಸ್‌ವರ್ಡ್ ಒತ್ತಿ ಮೊಬೈಲಿನಲ್ಲಿ ಪುಟ ತೆಗೆದೆ. ಸಾಧನ ಸಿಕ್ಕಿದೆ ಎಂದಿತು. ಆದರೂ ಸಿನಿಮಾ ತೆರೆಯಲಿಲ್ಲ. ನೋಡಿದರೆ, ಪಿನ್ ಒತ್ತಿ ಹೊಸದು ಮಾಡಿದ್ದಾಗ ಹಂಚಿಕೊಳ್ಳುವ ಬಗೆಯೂ ತಂತಿಗೆ ಮಾತ್ರ ಎಂದು ಹಿಂದಕ್ಕೆ ಹೋಗಿತ್ತು. ಎಲ್ಲರಿಗೂ ಎಂದು ಬದಲಿಸಿದೆ. ಸಾಲುಸಾಲಾಗಿ ಸಿನಿಮಾಗಳು ಬಂದವು.

"ಬದುಕ್ತಾ?" ಎಂದರು.

"ಬದುಕ್ತಮ್ಮ."

"ಮನ್ಯಾಗೆ ಎಲ್ಲಿಡ್ತೀಯ ಇದನ್ನ?"

"ಬೀರುವಿನೊಳಗೆ."

"ಅಯ್ಯೋ ನಿನ್! ಕಬ್ಬಿಣದ ಬೀರುನಾಗೆ ಯಾರಾದ್ರೂ ಸಾಕ್ತಾರಾ? ಕಿಟಕ್ಯಾಗಿಡು. ಗಾಳಿ ಆಡ್ಲಿ."

ಚಿತ್ರದುರ್ಗಕ್ಕೆ ಹೋಗುವ ಕೆಲಸವೇ ಉಳಿಯಲಿಲ್ಲ. ಬಸ್ಸು ಹೊರಡುವುದರೊಳಗೆ ಇಳಿದುಬಿಟ್ಟೆ. ಅದು ತಿರುವು ದಾಟಿದ ಮೇಲೆ, ಆಯಮ್ಮನ ಊರು ಯಾವುದೆಂದೂ ಕೇಳಲಿಲ್ಲವಲ್ಲ ಎನಿಸಿತು.

ಆ ಮಧ್ಯಾಹ್ನ ಹೋದಷ್ಟು ಮನೆಗಳಿಗೆ ನಾನು ಒಂದೇ ದಿನದಲ್ಲಿ ಎಂದೂ ಹೋದವನಲ್ಲ. ಹೊಸ ಪಾಸ್‌ವರ್ಡ್ ಇಟ್ಟಿದ್ದರಿಂದ ಮೂವರ ಮೊಬೈಲಿಗೂ ನಾನೇ ಹಾಕಿಕೊಡಬೇಕಿತ್ತು. ಹೊಲಿಗೆ ಅಕ್ಕ ಮಿಷನ್ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ಕೆಳಗಿಳಿಸಿ, "ಬರ್ರಿ ಅಣ್ಣ, ಕುಂತ್ಕಳ್ರಿ" ಎಂದರು. ಡ್ರೈವರ್ ಅಣ್ಣನ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಕೊಟ್ಟರು. ನಾನು ಒತ್ತುತ್ತಿದ್ದ ಪಾಸ್‌ವರ್ಡ್ ಮುಗಿಯುವುದರೊಳಗೆ ಅವರ ತಟ್ಟೆ ಖಾಲಿಯಾಗಿತ್ತು.

"ಇದೇನ್ ಸಾರ್, ಪಾಸ್‌ವರ್ಡಾ, ಪಂಚಾಂಗನಾ? ಇನ್ನೂ ಎಷ್ಟೈತೆ?"

"ಕಳ್ಳರು ಊಹಿಸಬಾರದಲ್ಲಣ್ಣ."

"ಕಳ್ಳ ಬಂದ್ರೆ ಸುಸ್ತಾಗಿ ಇಲ್ಲೇ ಮಲ್ಕಂತಾನೆ ಬಿಡ್ರಿ."

ಕುಂಕುಮದ ಕಥೆ ಹೇಳಿದ್ದಕ್ಕೆ, ಮೂತಿ ಎಂದದ್ದು ತಾವಲ್ಲವೇ ಅಲ್ಲ ಎಂದು ಹೆಂಡತಿಯ ಮುಂದೆ ಆಣೆಯಿಟ್ಟರು. ಅಜ್ಜಿಯ ಮನೆಯಲ್ಲಿ, ಈ ಊರಿಗೆ ಬಂದ ಮೇಲೆ ಮೊದಲ ಸಲ, ಪಡಸಾಲೆ ದಾಟಿ ಒಳಗೆ ಕೂತೆ. ಮೂರೂ ಮನೆಗಳಲ್ಲಿ ಬೇಕೆಂದೇ ನಿಧಾನವಾಗಿ ಒತ್ತಿದೆ.

ಸಂಜೆ ಡಬ್ಬಿಯನ್ನು ಕಿಟಕಿಯಲ್ಲಿಟ್ಟೆ. ನಾಲ್ಕು ಲೋಟ ಚಹಾ ಮಾಡಿದೆ, ಈ ಸಲ ಕೈ ತಪ್ಪಿ ಅಲ್ಲ. ಮೆಟ್ಟಿಲು ಗುಡಿಸಿ ಕೂತೆ. ಯಾರೂ ಬರಲಿಲ್ಲ. ಡಬ್ಬಿ ಮತ್ತೆ ಕೆಟ್ಟಿತೇ ಎಂದು ಗಾಬರಿಯಾಗಿ ಪುಟ ತೆಗೆದೆ. ಪೆನ್‌ಡ್ರೈವ್ ಕಾಣುತ್ತಿತ್ತು. ಈಗ ಸೇರಿರುವ ಮೊಬೈಲುಗಳು ನಾಲ್ಕು ಎಂದು ತೋರಿಸುತ್ತಿತ್ತು. ನಾಲ್ಕನೆಯದು ಯಾರದಿರಬಹುದು, ಹೊಸಬರು ಯಾರಾದರೂ ಬಂದರೇ ಎಂದು ಒಂದು ಕ್ಷಣ ಹಿಗ್ಗಿದೆ. ನನ್ನದೇ.

ಕೆಳಗಿಳಿದು ಅಜ್ಜಿಯ ಬಾಗಿಲಲ್ಲಿ ನಿಂತೆ. ಅವರು ಒಳಗೆ ಚಾಪೆಯ ಮೇಲೆ ಒರಗಿದ್ದರು, ಮೊಬೈಲ್ ಚೊಂಬಿಗೆ ಆನಿಸಿತ್ತು.

"ಬರ್ತಾ ಐತಾ ಅಜ್ಜಿ?"

"ಬೆಣ್ಣೆ ಬಂದಂಗೆ ಬರ್ತೈತೆ ಕಣಪ್ಪ! ಮಲ್ಕಂಡೇ ನೋಡ್ಬೌದು. ನಿನ್ ಮೆಟ್ಲ ಮ್ಯಾಲೆ ಕುಂತು ಕುಂತು ಮಂಡಿ ಹಿಡ್ಕಂಡು ಸತ್ತೋಗಿದ್ದೆ. ಯಾತ್ರಾಗಿಟ್ಟೀಯ ಈಗ?"

"ಕಿಟಕಿಯಲ್ಲಿ."

"ಅಲ್ಲೇ ಇರ್ಲಿ. ಮುಟ್ಟಬ್ಯಾಡ."

ಅವರ ಮಂಡಿ ನೋಯುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಜಗತ್ತಿನಲ್ಲಿರುವುದಕ್ಕೆಲ್ಲ ಚಿಂತೆ ಮಾಡುವ ನಾನು ಅದಕ್ಕೊಂದು ಚಿಂತೆ ಮಾಡಿರಲಿಲ್ಲ. ಮೇಲೆ ಬಂದು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಡಬ್ಬಿಯನ್ನು ಒಂದೆರಡು ಮಾರು ಒಳಗೆ ಸರಿಸಿದರೆ ಸಾಕಿತ್ತು. ನಾಳೆ ಸಂಜೆಗೆ ಮೂವರೂ ಮೆಟ್ಟಿಲ ಮೇಲಿರುತ್ತಿದ್ದರು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಅದರ ಮೇಲೆ ಕೂತಿದ್ದ ಧೂಳನ್ನು ಒರೆಸಿ ವಾಪಸ್ಸು ಬಂದಿತು.

ಅಜ್ಜಿ ನೋಡುತ್ತಿದ್ದ ಸಿನಿಮಾ ಯಾವುದೆಂದು ಬಾಗಿಲಲ್ಲೇ ಗುರುತಿಸಿದ್ದೆ. ನಾನೂ ನನ್ನ ಮೊಬೈಲಿನಲ್ಲಿ ಅದನ್ನೇ ಹಾಕಿ, ಅವರು ಇದ್ದ ಜಾಗಕ್ಕೆ ಸುಮಾರಾಗಿ ಓಡಿಸಿ, ಕಿಟಕಿಯ ಪಕ್ಕ ಕೂತೆ. ಸರಿಯಾಗಿ ಹೊಂದಲಿಲ್ಲ, ನಾನು ಒಂದಿಷ್ಟು ಹಿಂದೆ ಉಳಿದೆ. ಕೆಳಗಿನಿಂದ ಅಜ್ಜಿಯ ನಗು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು, ಅವರು ನಕ್ಕಿದ್ದು ಯಾತಕ್ಕೆಂದು ನನ್ನ ಮೊಬೈಲಿನಲ್ಲಿ ಬಂತು. ಆಗ ನಾನೂ ನಕ್ಕೆ, ಕೆಳಗೆ ಕೇಳುವಷ್ಟು ಜೋರಾಗಿಯೇ. ಅಷ್ಟರಲ್ಲಿ ಅವರು ಮುಂದಿನ ದೃಶ್ಯಕ್ಕೆ ಹೋಗಿಯಾಗಿತ್ತು.