ದಬ್ಬೆಯ ಆ ತುದಿಯಲ್ಲಿ ಕುಡಿದವರು

ಇದನ್ನು ಕೇಳಿದವರಲ್ಲಿ ಅರ್ಧ ಜನ ನಕ್ಕಿದ್ದಾರೆ. ನಗಲಿ ಬಿಡಿ. ಹೆದರಿಸುವುದಕ್ಕೆ ಕತೆ ಕಟ್ಟುವವಳಾಗಿದ್ದರೆ ನನ್ನ ಮರ್ಯಾದೆ ಉಳಿಯುವ ಹಾಗೆ ಕಟ್ಟುತ್ತಿದ್ದೆ. ಇದು ನಡೆದದ್ದು, ನನ್ನ ಕೈಯಲ್ಲೇ ನಡೆದದ್ದು.

ಯೂರೋಪಿನಲ್ಲಿ ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ನಮ್ಮ ಮಧುಗಿರಿ ಸೀಮೆಗೆ ಇನ್‌ಫ್ಲುಯೆಂಜಾ ಜ್ವರ ಬಂದು ಮನೆಮನೆಯಲ್ಲೂ ಜನ ಹಾಸಿಗೆ ಹಿಡಿದಿದ್ದರು. ಊರಾಚೆ, ಪಾವಗಡದ ದಾರಿಯಲ್ಲಿ, ಒಂದು ಛತ್ರವಿತ್ತು. ದಿಕ್ಕಿಲ್ಲದ ಮುದುಕರನ್ನು ಅಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಗಂಜಿ ಕಾಯಿಸುವುದು, ಬಟ್ಟೆ ಒಗೆಯುವುದು, ಏಳಲಾರದವರನ್ನು ಎತ್ತಿ ಕೂರಿಸುವುದು ನನ್ನ ಕೆಲಸ. ಆರು ಜನರಿದ್ದರು. ಜ್ವರ ಹೊಕ್ಕ ವಾರದೊಳಗೆ ನಾಲ್ವರು ಹೋದರು. ಉಳಿದವರು ಇಬ್ಬರೇ... ನಿಡುಗಲ್ ಕಡೆಯ ನಾಗಮ್ಮಜ್ಜಿ, ಕಣ್ಣು ಕಾಣದ ಕೆಂಚಪ್ಪ ತಾತ.

ಛತ್ರದ ಯಜಮಾನರು ಜ್ವರಕ್ಕೆ ಹೆದರಿ ಹೊಲದ ಗುಡಿಸಲು ಸೇರಿಕೊಂಡರು. ಡಾಕ್ಟರು ಮಾತ್ರ ಬಂದು ನೋಡಿ, "ಆಗಾಗ ತಲೆ ಎತ್ತಿ ಹಿಡಿದು ನೀರು ಕುಡಿಸಮ್ಮ, ಅದೇ ಇವರಿಗೆ ಔಷಧಿ" ಎಂದು ನನಗೆ ಒಪ್ಪಿಸಿ ಹೋದರು. ನಾನು ತಲೆಯಾಡಿಸಿದೆ.

ಮನೆಯಲ್ಲಿ ನನಗೆ ಎಂಟು ತಿಂಗಳ ಕೂಸು. ಜ್ವರ ಮೈಗೆ ಹತ್ತಿಸಿಕೊಂಡು ಹೋಗಿ ಕೂಸಿಗೆ ಹಾಲು ಕೊಡುವುದು ಹೇಗೆ? ನನಗೆ ಜೀವಭಯ ಹಿಡಿದಿತ್ತು. ಒಳಗೆ ಕಾಲಿಡಲು ಆಗಲೇ ಇಲ್ಲ.

ಛತ್ರದ ಬಾವಿಯ ಪಕ್ಕ ಒಂದು ದಬ್ಬೆ ಇರುತ್ತಿತ್ತು, ಬಿದಿರನ್ನು ಉದ್ದಕ್ಕೆ ಸೀಳಿ ಗಂಟು ತೆಗೆದದ್ದು. ಕೇರಿಯ ಜನ ಬಾವಿ ಮುಟ್ಟಬಾರದೆಂಬ ಕಟ್ಟಳೆ ಇದ್ದ ಕಾಲ. ಅವರು ಬಾಯಾರಿ ಬಂದರೆ ಈ ತುದಿಯಲ್ಲಿ ನಾನು ಹೊಯ್ಯುವುದು, ಆ ತುದಿಯಲ್ಲಿ ಅವರು ಬೊಗಸೆ ಒಡ್ಡಿ ಕುಡಿಯುವುದು. ವರ್ಷಗಟ್ಟಲೆ ಹಾಗೆ ಹೊಯ್ದಿದ್ದೆ, ಒಂದು ದಿನವೂ ತಪ್ಪು ಅನ್ನಿಸಿರಲಿಲ್ಲ. ಆ ದಬ್ಬೆಯನ್ನೇ ತಂದು ಕಿಟಕಿಯ ಸರಳುಗಳ ನಡುವೆ ಒಳಕ್ಕೆ ತೂರಿಸಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ.

ತಾತ ತೆವಳಿಕೊಂಡು ಬಂದು ಕುಡಿಯುತ್ತಿದ್ದ. ಅಜ್ಜಿಗೆ ಅಷ್ಟೂ ಆಗುತ್ತಿರಲಿಲ್ಲ. ತಾತನೇ ಪಂಚೆಯ ಚುಂಗು ನೆನೆಸಿಕೊಂಡು, ತಡವುತ್ತ ಹೋಗಿ, ಅವಳ ಬಾಯಿಗೆ ಹಿಂಡುತ್ತಿದ್ದ. ನಾನು ಹೊರಗೆ ನಿಂತು ನೋಡುತ್ತಿದ್ದೆ. ಮೂರನೆಯ ದಿನ ತಾತನಿಗೂ ಜ್ವರ ಏರಿ ನೆಲ ಹಿಡಿದ.

ಅವತ್ತು ಮಧ್ಯಾಹ್ನ ಅಜ್ಜಿ ಕರೆದಳು. "ಅಮ್ಮಾ... ಕೊಂಚೆಂ ನೀಳ್ಳು..." ಜ್ವರ ಏರಿದಾಗ ಅವಳಿಗೆ ತೆಲುಗೇ ಬರುತ್ತಿತ್ತು. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದಳು. "ಒಂಚೂರು ನೀರು ಕಣಮ್ಮ. ಒಳೀಕ್ ಬಾ, ಒಂದ್ಕಿತ ತಲೆ ಎತ್ತಿ ಹಿಡ್ಕೊಂಬುಡು, ಸಾಕು."

"ಬತ್ತೀನಿ ಇರಜ್ಜಿ, ಒಲೆ ಮ್ಯಾಲೆ ಗಂಜಿ ಐತೆ" ಅಂದೆ.

ಒಲೆ ಹಚ್ಚಿಯೇ ಇರಲಿಲ್ಲ.

ರಾತ್ರಿ, ಮನೆಗೆ ಹೋಗಿ ಕೂಸಿಗೆ ಹಾಲು ಕೊಟ್ಟು ಬಂದು, ಛತ್ರದ ಜಗಲಿಯ ಮೇಲೆ ಕೂತಿದ್ದೆ. ಬೇವಿನ ಸೊಪ್ಪಿನ ಹೊಗೆ ಕಣ್ಣು ಉರಿಸುತ್ತಿತ್ತು. ಒಳಗೆ ಕೆಮ್ಮೂ ಇಲ್ಲ, ನರಳಾಟವೂ ಇಲ್ಲ. ಎಷ್ಟು ಹೊತ್ತಾಗಿತ್ತೋ... ದಬ್ಬೆ ಅಲುಗಿತು.

ಟಕ್... ಟಕ್... ಒಳಗಿನ ತುದಿಯನ್ನು ಯಾರೋ ಬೆರಳಲ್ಲಿ ತಟ್ಟುತ್ತಿದ್ದರು.

"ಅಜ್ಜಿ, ನೀನಾ?"

"ಊಂ..."

ಚೊಂಬಿನಲ್ಲಿ ಹೊಯ್ದೆ. ಗಟಗಟ ಕುಡಿಯುವ ಸದ್ದು. ಬುಡ್ಡಿದೀಪದ ಬೆಳಕು ಕಿಟಕಿಯ ಚೌಕಟ್ಟಿನವರೆಗೆ ಮಾತ್ರ. ಆಚೆ ನೀರು ಕತ್ತಲೆಗೆ ಜಾರುವುದಷ್ಟೇ ಕಾಣುತ್ತಿತ್ತು. ಹೊಯ್ದಷ್ಟೂ ಕುಡಿದರು. ನಿಲ್ಲಿಸಿದರೆ ಆ ತುದಿಯನ್ನು ಹಿಡಿದು ಎಳೆಯುತ್ತಿದ್ದರು. "ಇನ್ನೊಂಚೂರು..." ಪಿಸುಮಾತು, ಅಜ್ಜಿಯದೇ ದನಿ.

ನಡುವೆ ಉಸಿರು ತೆಗೆದುಕೊಳ್ಳುತ್ತಿಲ್ಲ ಎಂದು ನನಗೆ ಹೊಳೆದದ್ದು ಐದಾರು ಚೊಂಬಾದ ಮೇಲೆ. ಎಂಥವರಾದರೂ ಕುಡಿಯುವಾಗ ಒಂದು ಗಳಿಗೆ ನಿಲ್ಲಿಸಿ ಉಸಿರೆಳೆಯಬೇಕಲ್ಲ... ಒಳಗಿನಿಂದ ಒಂದು ವಾಸನೆ ಬಂತು, ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಬರುವಂಥದ್ದು. ಆದರೂ ಹೊಯ್ಯುತ್ತಲೇ ಇದ್ದೆ. ತುಂಬಿದ ಕೊಡ ಬರಿದಾಯಿತು.

ಆಗ ನನಗೆ ಏನನ್ನಿಸಿತು ಗೊತ್ತೇ? ಸದ್ಯ, ಅಜ್ಜಿ ತಾನೇ ಎದ್ದು ಬಂದಳು, ನಾನು ಒಳಗೆ ಹೋಗುವುದು ತಪ್ಪಿತು ಅನ್ನಿಸಿತು. ನೆಮ್ಮದಿಯಾಗಿ ನಿದ್ದೆಯೂ ಬಂತು. ನಾಚಿಕೆಗೆಟ್ಟವಳು.

ಬೆಳಿಗ್ಗೆ ದೂರದಲ್ಲಿ ಡಾಕ್ಟರ ಜಟಕಾದ ಸದ್ದು ಕೇಳಿ, ಗಡಬಡಿಸಿ ದಬ್ಬೆ ಎಳೆದು ಬಿಸಾಕಿ, ಚಿಲಕ ತೆಗೆದೆ.

ಅಜ್ಜಿ ಆಚೆ ಗೋಡೆಯ ಬದಿಯಲ್ಲಿ, ತನ್ನ ಚಾಪೆಯ ಮೇಲೇ ಇದ್ದಳು. ಮೈ ಸೆಟೆದುಕೊಂಡಿತ್ತು. ತುಟಿ ಒಡೆದು ಬಿಳಿಚಿಕೊಂಡಿತ್ತು. ತಾತ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಮಲಗಿದ್ದ.

"ಸಿದ್ದಮ್ಮನಾ?" ಅಂದ. "ಹಕ್ಕಿ ಗೂಡು ಸೇರೋ ಹೊತ್ಗೇ ನಾಗಮ್ಮ ಹೋಗ್ಬುಟ್ಳು ಕಣಮ್ಮ. ನಿನ್ನ ಕೂಗ್ದೆ, ಗಂಟ್ಲೇ ಬರ್ನಿಲ್ಲ."

ಕಿಟಕಿಯ ಕೆಳಗೆ ನೋಡಿದೆ. ನೆಲದ ಮೇಲೆ ಒಣ ಧೂಳು. ಒಂದು ಹನಿ ಬಿದ್ದ ಗುರುತಿಲ್ಲ.

"ತಾತ... ರಾತ್ರಿ ಕಿಟಕಿ ತಾವ ಯಾರು ಬಂದಿದ್ರು?"

"ರಾತ್ರಿಯೆಲ್ಲ ಎಚ್ರವಾಗೇ ಇದ್ನಲ್ಲ. ನೀರಿನ ಸದ್ದೂ ಇಲ್ಲ, ಯಾರೂ ಬರ್ನಿಲ್ಲ" ಅಂದ. ಅಜ್ಜಿಯ ಕೈ ಬಿಡದೆಯೇ, "ನೀನೂ ಬರ್ನಿಲ್ಲ" ಅಂದ.

ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು. ಅಜ್ಜಿಯ ನಾಡಿ ಮುಟ್ಟಿ ನೋಡಿ, "ನೀರು ಕುಡಿಸಿದ್ಯೇನಮ್ಮ?" ಅಂದರು.

"ಕುಡಿಸ್ದೆ ಸ್ವಾಮಿ. ರಾತ್ರಿ ಒಂದು ಕೊಡ ಕುಡಿದ್ರು."

"ಹೆತ್ತ ಮಕ್ಕಳೇ ಹತ್ತಿರ ಬರದ ಕಾಲ ಇದು. ನೀನು ಪುಣ್ಯಾತ್ಗಿತ್ತಿ" ಎಂದು ಅವರು ನನ್ನನ್ನು ಹೊಗಳಿದರು. ನಾನು ಸುಮ್ಮನೆ ಹೊಗಳಿಸಿಕೊಂಡೆ.

ಅವರು ಹೋದ ಮೇಲೆ ತಾತನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಚೊಂಬು ಹಿಡಿದೆ. ಎರಡು ಗುಟುಕು ಕುಡಿದು ಕೇಳಿದ, "ದಿಟವಾಗ್ಲೂ ಒಂದು ಕೊಡ ಕುಡಿದ್ಲಾ?"

"ಊಂ ತಾತ. ನನ್ನ ಕೂಸಿನಾಣೆ."

"ಹಂಗಾರೆ ಸರಿ ಬುಡು. ಬಾಯಾರ್ಕೊಂಡು ಹೋಗ್ನಿಲ್ವಲ್ಲ."

ನಂಬಿ ಹೇಳಿದನೋ, ನನ್ನ ಮಾನ ಮುಚ್ಚಲು ಹೇಳಿದನೋ ತಿಳಿಯಲಿಲ್ಲ. ಆಮೇಲೆ ಅವನು ಚೇತರಿಸಿಕೊಂಡ, ನಾಲ್ಕು ವರ್ಷ ಬದುಕಿದ. ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆ ಒಂದು ಕೊಡ ನೀರು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ದೆವ್ವವೋ ಭ್ರಮೆಯೋ ಎಂದು ಕೇಳುತ್ತೀರಿ... ನನ್ನ ಭಯ ಅದಲ್ಲ. ಬತ್ತೀನಿ ಎಂದವಳು ಬರುವುದಿಲ್ಲ ಎಂದು ಅಜ್ಜಿಗೆ ಉಸಿರಿರುವಾಗಲೇ ತಿಳಿದುಹೋಗಿತ್ತು. ಅದಕ್ಕೇ ಸತ್ತ ಮೇಲೆ ತಾನೇ ಎದ್ದು ಬಂದಳೋ ಏನೋ.