ಸಪ್ತಾಪುರದ ಗೇಟಿನಲ್ಲಿ ಅತ್ತೆಯ ದನಿ

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗ್ರಹಣದ ದಿನ ಮಕ್ಕಳನ್ನು ಸಾಲೆಯ ಅಂಗಳದಲ್ಲಿ ಕೂರಿಸಿ ಚುರಮುರಿ ತಿನ್ನಿಸಿ, ಅರ್ಧ ಊರಿನಿಂದ ಬೈಸಿಕೊಂಡವಳು. ಈ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕು ಎದ್ದು ಹೋಗುತ್ತಿದ್ದೆ. ಆದರೆ ಇದು ನಡೆದದ್ದು ನನ್ನ ಮನೆಯಲ್ಲಿ... ನಾನು ಪೂರ್ತಿ ಎಚ್ಚರವಿದ್ದಾಗ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಕೆಳಗೆ ನಾನು ಮತ್ತು ನನ್ನ ಅತ್ತೆ ಗಂಗವ್ವ. ಮಕ್ಕಳು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಯಜಮಾನರ ನೌಕರಿ ವಿಜಯಪುರದಲ್ಲಿ, ಶನಿವಾರ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮೇಲಿನ ಖೋಲಿಯನ್ನು ಓದುವವರಿಗೆ ಬಾಡಿಗೆಗೆ ಕೊಡುತ್ತೇವೆ. ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು, ಮೆಟ್ಟಿಲು ಇಳಿದರೆ ಅಂಗಳ, ಅಂಗಳದ ತುದಿಗೆ ಕಬ್ಬಿಣದ ಗೇಟು.

ಹೋದ ವರ್ಷ ಆ ಖೋಲಿಗೆ ಬಂದವನು ಆಜಾದ್. ಹೆಸರು ಕೇಳಿ ಅತ್ತೆ, ಹುಬ್ಬಳ್ಳಿ ಕಡೆಯ ಹುಡುಗನಿರಬೇಕು ಎಂದುಕೊಂಡಿದ್ದರು. ಅವನು ಟರ್ಕಿಯವನು. ಹಾಗಂದರೆ ಮಾತ್ರ ಸಿಟ್ಟು, “ನಾ ಕುರ್ದ ಅದೀನ್ರಿ” ಎನ್ನುತ್ತಿದ್ದ. ಆ ದೇಶದಲ್ಲಿ ಅವರದು ಬೇರೆ ಜನಾಂಗ, ಬೇರೆ ಭಾಷೆಯಂತೆ. ಕಡ್ಲಿ ಬೆಳೆಯ ಮೇಲೆ ಸಂಶೋಧನೆ ಮಾಡಲು ಬಂದಿದ್ದ. ನನ್ನ ಸಾಲೆ ಇರುವ ಹೆಬ್ಬಳ್ಳಿಯ ಹೊಲಗಳಿಗೆ ಅವನೂ ಅದೇ ಬಸ್ಸಿನಲ್ಲಿ ಬರುತ್ತಿದ್ದ, ರೈತರ ಜೊತೆ ಓಡಾಡಿ ನಮ್ಮ ಕಡೆಯ ಮಾತು ಕಲಿತಿದ್ದ. ಹಾಗೆ ಪರಿಚಯವಾಗಿ, ಹಾಗೆ ಖೋಲಿ ಕೊಟ್ಟದ್ದು. ಕಾಡು ಕಡ್ಲಿ ಮೊದಲು ಹುಟ್ಟಿದ್ದೇ ಅವನ ಊರಿನ ಗುಡ್ಡಗಳಲ್ಲಿ ಎಂದು ಗೊತ್ತಾದ ಮೇಲೆ ಅತ್ತೆಗೆ ಅವನೆಂದರೆ ಪ್ರಾಣ. “ನಮ್ಮ ಕಡ್ಲೀ ತವರಮನಿಯಿಂದ ಬಂದಾನವಾ” ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಬಂದ ದಿನವೇ ಅತ್ತೆ ಮನೆಯ ಕಾಯಿದೆಗಳನ್ನು ಹೇಳಿದ್ದರು. ನೀರು ನೋಡಿ ಬಳಸಬೇಕು, ಮಲಗುವ ಮುಂಚೆ ಗೇಟಿನ ಚಿಲಕ ಹಾಕಬೇಕು. ಆಮೇಲೆ ದನಿ ತಗ್ಗಿಸಿ...

“ರಾತ್ರಿ ಯಾರರೆ ಹೆಸರ ಹಿಡದ ಕರದ್ರ, ಒಂದ ಕೂಗಿಗೆ ಓ ಅನಬ್ಯಾಡ ತಮ್ಮಾ. ಆ ಪೀಡಾ ಒಂದ ಸಲ ಕರೀತೈತಿ. ಮನಷ್ಯಾರಾದ್ರ ಮೂರ ಸಲ ಕರೀತಾರ. ಮೂರನೇದ್ದು ಕೇಳಿದ ಮ್ಯಾಲೇ ಬಾಗಲಾ ತಗಿ.”

“ಯಾಕ್ರೀ ಅತ್ತಿ, ದೆವ್ವಕ್ಕ ಎಣಿಸಾಕ ಬರೂದಿಲ್ಲೇನು?” ಎಂದು ನಾನು ಕಿಚಾಯಿಸಿದೆ.

ಆಜಾದ್ ನಗಲಿಲ್ಲ.

“ನಮ್ಮ ಊರಾಗ ಮೂರೂ ಸಲ ಕರೀತಿದ್ರು” ಎಂದ.

ಅದೇನೆಂದು ತಿಳಿದದ್ದು ಒಂದು ಭಾನುವಾರ, ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ. ಅವನು ತೀರ ಚಿಕ್ಕವನಿದ್ದಾಗ, ಅವರ ಸೀಮೆಯಲ್ಲಿ ಟರ್ಕಿ ಸರ್ಕಾರಕ್ಕೂ ಕುರ್ದ ಬಂಡುಕೋರರಿಗೂ ಕಾದಾಟ ನಡೆದಿತ್ತು. ಗುಡ್ಡದಲ್ಲಿ ಬಂದೂಕಿನ ಯುದ್ಧ... ಊರಿನಲ್ಲಿ ಬೇರೆಯೇ ಯುದ್ಧ. ಸಮವಸ್ತ್ರವಿಲ್ಲದ ಸರ್ಕಾರಿ ಗುಪ್ತದಳದ ಜನ ರಾತ್ರಿ ಬಿಳಿ ಕಾರಿನಲ್ಲಿ ಬರುತ್ತಿದ್ದರಂತೆ. ಕುರ್ದ ಭಾಷೆಯಲ್ಲಿ ಬರೆಯುವವರು, ಓದಿಸುವವರು, ವಕೀಲರು, ಯಾರಾದರೂ ಸರಿ. ಹೆಸರು ಹಿಡಿದು ಕರೆಯುವುದು, ಕಾರಿನಲ್ಲಿ ಹಾಕಿಕೊಂಡು ಹೋಗುವುದು. ಕೆಲವರ ಹೆಣ ಸಿಗುತ್ತಿತ್ತು, ಕೆಲವರದು ಸಿಗುತ್ತಲೇ ಇರಲಿಲ್ಲ. ಕೊಂದವರು ಅಪರಿಚಿತರು ಎಂದು ಬರೆದು ಸರ್ಕಾರ ಕೈ ತೊಳೆದುಕೊಳ್ಳುತ್ತಿತ್ತು.

ಆಜಾದನ ಅಪ್ಪ ಸಾಲೆ ಮಾಸ್ತರ. ಮನೆಯಲ್ಲಿ ಗುಟ್ಟಾಗಿ ಮಕ್ಕಳಿಗೆ ಕುರ್ದ ಅಕ್ಷರ ತಿದ್ದಿಸುತ್ತಿದ್ದರು. ಅಪರಿಚಿತರು ಕರೆದರೆ ಅವರು ಬಾಗಿಲು ತೆಗೆಯುತ್ತಿರಲಿಲ್ಲ. ಆದರೆ ಆ ರಾತ್ರಿ ಕರೆದದ್ದು ಪಕ್ಕದ ಮನೆಯ ಹಸನನ ದನಿ. ಒಟ್ಟಿಗೆ ಬೆಳೆದ ಗೆಳೆಯ. ಮೂರು ಸಲ ಕರೆಯಿತು... ಅಪ್ಪ ಹೋದರು. ಕೆಲವು ದಿನಗಳ ಮೇಲೆ ಒಂದು ಸೇತುವೆಯ ಕೆಳಗೆ ಸಿಕ್ಕರು.

“ಹಸನ್ ಏನಂದಾ?” ಎಂದು ಕೇಳಿದೆ.

“ನಾ ಮಲಗಿದ್ದೆ ಅಂದಾ. ಹೆಂಡ್ತಿ, ನನ್ನ ಬಾಜೂಕ ಮಲಗಿದ್ದಾ ಅಂತ ಆಣಿ ಮಾಡಿದಳು. ಯಾರೂ ನಂಬಲಿಲ್ಲರಿ. ನಮ್ಮವ್ವ ಇವತ್ತಿನ ತನಕಾ ಅವರ ಮಾರಿ ನೋಡಿಲ್ಲ.”

ಹಸನ್ ಈಗ ಮುದುಕ. ಊರಿನವರು ಅವನ ಜೊತೆ ಮಾತು ಬಿಟ್ಟು ಒಂದು ಕಾಲವೇ ಆಯಿತು. ಈಗ ಒಬ್ಬ ವಕೀಲರು ಹಳೆಯ ಪ್ರಕರಣವನ್ನು ಮತ್ತೆ ತೆರೆಸಲು ಓಡಾಡುತ್ತಿದ್ದರು. ಆಜಾದ್ ತನ್ನ ಹೇಳಿಕೆ ಕಳಿಸಬೇಕಿತ್ತು. ಕೊಲೆಗಾರರಿಗೆ ಕೈಜೋಡಿಸಿದವನು ಎಂದು ಹಸನನ ಹೆಸರು ಹೇಳಲು ಅವನು ತೀರ್ಮಾನಿಸಿಬಿಟ್ಟಿದ್ದ. ಮುದುಕ ಜೈಲಿನಲ್ಲೇ ಸಾಯಲಿ, ನನಗೇನೂ ಅನ್ನಿಸುವುದಿಲ್ಲ ಎಂದ. ಅಷ್ಟು ಮೆತ್ತಗಿನ ಹುಡುಗನ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು.

ಹೇಳಿಕೆ ಕಳಿಸುವ ದಿನ ಹತ್ತಿರ ಬಂದ ಹಾಗೆ ಅವನಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಮೇಲೆ ಹೆಜ್ಜೆ ಸಪ್ಪಳ... ಆ ಗೋಡೆಯಿಂದ ಈ ಗೋಡೆಗೆ. ಬೆಳಿಗ್ಗೆ ಕೆಂಪು ಕಣ್ಣು. “ಅಕ್ಕಾರ, ಓಣಿ ತುದೀಗೆ ಬಿಳಿ ಕಾರ ನಿಂದರತೈತಿ, ನೋಡೀರೇನು?” ಎಂದು ಕೇಳಿದ.

“ಧಾರವಾಡದಾಗ ಪ್ರೊಫೆಸರ್ ಆದ ಕೂಡ್ಲೇ ಎಲ್ಲಾರೂ ಬಿಳಿ ಕಾರೇ ತಗೋತಾರಪಾ” ಎಂದು ನಕ್ಕೆ.

ಆದರೆ ಆ ಸಂಜೆ ನಾನೂ ಓಣಿಯ ತುದಿಯನ್ನು ಎರಡೆರಡು ಸಲ ನೋಡಿದೆ. ಕಾರು ಇತ್ತು. ಒಳಗೆ ಯಾರೂ ಕಾಣಲಿಲ್ಲ.

ಅವತ್ತು ರಾತ್ರಿ ಕರೆಂಟು ಹೋಯಿತು.

ಅತ್ತೆ, ನಾನು ಒಂದೇ ಖೋಲಿಯಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗುತ್ತೇವೆ. ಫ್ಯಾನ್ ನಿಂತದ್ದಕ್ಕೇ ನನಗೆ ಎಚ್ಚರವಾಯಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ, ಅಂಥ ಕತ್ತಲು. ಮೇಲೆ ಆಜಾದನ ಹೆಜ್ಜೆ ಸಪ್ಪಳವೂ ನಿಂತಿತ್ತು. ನಮ್ಮ ಓಣಿಯ ನಾಯಿಗಳು ಎಲೆ ಅಲುಗಿದರೂ ಬೊಗಳುವಂಥವು... ಅವೂ ಸುಮ್ಮನಿದ್ದವು.

ಎಲ್ಲೋ ಹತ್ತಿರದಲ್ಲಿ ಕಾರಿನ ಎಂಜಿನ್ ಸಣ್ಣಗೆ ಗುರುಗುಡುತ್ತಿತ್ತು.

ಕಿಟಕಿಯಿಂದ ವಾಸನೆ ಬಂತು. ಲಿಂಬೆಹಣ್ಣಿನದು. ಹಿಂಡಿದ ಹಣ್ಣಿನ ವಾಸನೆಯಲ್ಲ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಹಚ್ಚುವ ನೀರಿನಂಥ ಘಾಟು.

“ತಮ್ಮಾ... ಏ ಆಜಾದಾ...”

ಅತ್ತೆಯ ದನಿ. ಗೇಟಿನ ಹೊರಗಿನಿಂದ.

ಇಷ್ಟು ಹೊತ್ತಿನಲ್ಲಿ ಇವರು ಹೊರಗೆ ಯಾಕೆ ಹೋದರು ಎಂದು ಮೊದಲು ನನಗೆ ಸಿಟ್ಟೇ ಬಂತು. ಎದ್ದು ಕುಳಿತೆ. ಆಗ ಪಕ್ಕದಲ್ಲಿ ಉಸಿರಾಟ ಕೇಳಿತು. ಕೈ ಚಾಚಿದೆ. ಹಾಸಿಗೆಯ ಮೇಲೆ ಕೈ ಸಿಕ್ಕಿತು. ಆ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತು.

ಅತ್ತೆ ಇಲ್ಲೇ ಇದ್ದಾರೆ. ಹಾಗಾದರೆ...

“ಆಜಾದಾ... ಕೆಳಗ ಬಾರಪಾ... ಗೇಟ ತಗಿ...”

ಎರಡನೆಯ ಸಲ. ಅದೇ ಎಳೆತ, ಮಾತಿನ ಕೊನೆಗೆ ಬರುವ ಅದೇ ಗೊರಗೊರ ಕೆಮ್ಮು. “ಅತ್ತಿ...” ಎಂದು ಪಿಸುಗುಟ್ಟಿದೆ. ಪಕ್ಕದಿಂದ ಉತ್ತರವಿಲ್ಲ. ಹಿಡಿತ ಮಾತ್ರ ಇನ್ನೂ ಬಿಗಿಯಾಯಿತು.

ಮೂರನೆಯದು ಬರಬಾರದು ಎಂದು ಬೇಡಿಕೊಂಡೆ. ನಾನು! ಗ್ರಹಣದಲ್ಲಿ ಚುರಮುರಿ ತಿನ್ನಿಸಿದವಳು!

“ತಮ್ಮಾ... ನನಗ ನಿಂದರಾಕ ಆಗವಲ್ದೋ...”

ಮೇಲೆ ಬಾಗಿಲು ಕಿರ್ ಎಂದಿತು.

ಪಾಪ, ಹುಡುಗ ಅತ್ತೆ ಹೇಳಿಕೊಟ್ಟ ಹಾಗೆಯೇ ನಡೆದುಕೊಂಡಿದ್ದ. ಮೂರು ಸಲ ಕೇಳಿಸಿಕೊಂಡು, ಮನುಷ್ಯರೇ ಎಂದು ಖಾತ್ರಿ ಮಾಡಿಕೊಂಡು, ಮುದುಕಿ ಕತ್ತಲಲ್ಲಿ ಹೊರಗೆ ಸಿಕ್ಕಿಬಿದ್ದಿದ್ದಾಳೆ ಎಂದು ಓಡೋಡಿ ಬರುತ್ತಿದ್ದ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು... ಪಟ್... ಪಟ್... ಪಟ್...

ಏಳಲು ಹೋದೆ. ಆ ಕೈ ಬಿಡಲಿಲ್ಲ.

ಹೆದರಿ ಹಿಡಿದಿದ್ದಾರೆ ಎಂದುಕೊಂಡು ಜಗ್ಗಿದೆ. ಬಿಡಲಿಲ್ಲ. ಕಡೆಗೆ ಇನ್ನೊಂದು ಕೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡು ಓಡಿದೆ. ಬಾಗಿಲು ತೆಗೆದಾಗ ಆಜಾದ್ ಗೇಟಿನ ಹತ್ತಿರ ನಿಂತಿದ್ದ. ಮೊಬೈಲಿನ ಬೆಳಕಿನಲ್ಲಿ ಚಿಲಕ ಅರ್ಧ ಸರಿದದ್ದು ಕಾಣಿಸಿತು.

“ಆಜಾದಾ! ತಗೀಬ್ಯಾಡೋ! ಅತ್ತಿ ಒಳಗ ಅದಾರ!”

ಅವನು ತಿರುಗಿ ನೋಡಿದ. ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ದೊಡ್ಡ ಗಂಡಸಿನ ಮುಖವಲ್ಲ, ಹಾಸಿಗೆಯಿಂದ ಎದ್ದು ಬಂದು ಅಪ್ಪನನ್ನು ಹುಡುಕುವ ಕೂಸಿನ ಮುಖ ಅದು.

ಗೇಟಿನ ಆಚೆ ಬಿಳಿ ಕಾರು ದೀಪ ಆರಿಸಿಕೊಂಡು ನಿಂತಿತ್ತು. ಯಾರೂ ಹತ್ತಿದ್ದು ಕಾಣಲಿಲ್ಲ. ಆದರೂ ಅದರ ಬಾಗಿಲು ಧಪ್ಪೆಂದು ಮುಚ್ಚಿಕೊಂಡಿತು. ಕಾರು ಅವಸರವಿಲ್ಲದೆ ಓಣಿ ದಾಟಿ ಹೋಯಿತು. ಆಮೇಲೆ ನಾಯಿಗಳು ಬೊಗಳಿದವು.

ಹೊಸ್ತಿಲಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದರು. “ಏನಾತವಾ, ಯಾಕ ಚೀರಿದಿ? ನಾ ಗಾಢ ನಿದ್ದ್ಯಾಗ ಇದ್ದೆ.”

“ಲಿಂಬಿಹಣ್ಣಿನ ವಾಸನಿ ಬಂತಲ್ಲ...” ಎಂದೆ ನಾನು, ಬೇರೇನೂ ತೋಚದೆ.

ಆಜಾದ್ ಅಲ್ಲೇ ಅಂಗಳದಲ್ಲಿ ಕುಳಿತುಬಿಟ್ಟ. ಅಪ್ಪನನ್ನು ಕರೆದೊಯ್ದ ರಾತ್ರಿ ಅವರ ಅಂಗಳದಲ್ಲೂ ಅದೇ ವಾಸನೆ ಇತ್ತಂತೆ. ಆ ಮಾತನ್ನು ಅವನು ನನಗೆ ಮೊದಲು ಹೇಳಿರಲಿಲ್ಲ.

ಬೆಳಿಗ್ಗೆ ಎದುರು ಮನೆಯ ದೇಸಾಯಿ ಕಾಕಾ ಹಾಲು ತರಲು ಹೊರಟವರು ನಿಂತು ಕೇಳಿದರು. “ಟೀಚರ್, ನಿಮ್ಮ ಅತ್ತಿ ರಾತ್ರಿ ಗೇಟಿನ ಹೊರಗ ಯಾಕ ನಿಂತಿದ್ರು? ಕಿಡಕ್ಯಾಗಿಂದ ನೋಡಿದೆ. ಬಾಜೂಕ ಕಾರಿತ್ತು. ಕೂಗಾಕತ್ತಿದ್ರು.”

“ಕತ್ತಲಾಗ ಏನ ಕಂಡೀರಿ ಕಾಕಾ...”

“ಕಣ್ಣ ಹೋದ್ರೂ ಕಿವಿ ಹೋಗಿಲ್ಲ ನಂದು. ಗಂಗವ್ವನ ದನಿ ನನಗ ಗೊತ್ತಿಲ್ಲೇನು?”

ಮೆಟ್ಟಿಲ ಮೇಲೆ ಆಜಾದ್ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಳಗೆ ಬಂದ. ಅತ್ತೆ ಮುಂದಿಟ್ಟ ಅವಲಕ್ಕಿಯನ್ನು ಮುಟ್ಟಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು. “ನಾ ಮಲಗಿದ್ದೆ ತಮ್ಮಾ. ಶೈಲಾನ್ನ ಕೇಳು ಬೇಕಾದ್ರ” ಎಂದರು.

ಅವನು ನನ್ನ ಕಡೆ ತಿರುಗಿದ. “ಅಕ್ಕಾರ, ಅಜ್ಜಿ ಖರೇನ ನಿಮ್ಮ ಬಾಜೂಕ ಇದ್ರೇನು?”

“ನನ್ನ ಬಾಜೂಕ ಇದ್ರು. ಅವರ ಕೈ ನನ್ನ ಕೈಯಾಗಿತ್ತು. ನನ್ನ ಮಕ್ಕಳಾಣಿ” ಎಂದೆ. ಒಂದು ಗಳಿಗೆಯೂ ಅನುಮಾನ ಪಡಲಿಲ್ಲ. ಮುಗ್ಧ ಮುದುಕಿಯ ಮೇಲೆ ಅಪವಾದ ಬರುವುದನ್ನು ನೋಡಿಕೊಂಡು ಹೇಗೆ ಸುಮ್ಮನಿರಲಿ?

ಆಜಾದ್ ತಾಟಿನ ಮುಂದೆ ಕುಳಿತ. “ಹಸನನ ಹೆಂಡ್ತೀನೂ ಹಿಂಗ ಅಂದಿದ್ಲು” ಎಂದ. ಆಮೇಲೆ ಅವಲಕ್ಕಿಯ ತಾಟನ್ನು ಹತ್ತಿರ ಎಳೆದುಕೊಂಡು, ಅಳುತ್ತಲೇ ತಿಂದ.

ಹೇಳಿಕೆಯಲ್ಲಿ ಅವನು ಹಸನನ ಹೆಸರು ಸೇರಿಸಲಿಲ್ಲ. ಅವ್ವನಿಗೆ ಫೋನ್ ಮಾಡಿ ಇಲ್ಲಿ ನಡೆದದ್ದನ್ನೆಲ್ಲ ಹೇಳಿದ. ಆ ತಾಯಿ ವಾರವಿಡೀ ಯೋಚಿಸಿ, ಕಡೆಗೂ ಪಕ್ಕದ ಮನೆಯ ಬಾಗಿಲು ತಟ್ಟಿದರಂತೆ. ಹಸನ್ ಬಾಗಿಲಲ್ಲೇ ಕುಸಿದು ಕೂತನಂತೆ. ಮುದುಕರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರಂತೆ. ಇದನ್ನು ಹೇಳುವಾಗ ಆಜಾದ್ ಮುಖದಲ್ಲಿ ನಾನೆಂದೂ ನೋಡಿರದ ಬೆಳಕಿತ್ತು. “ನಿಮ್ಮ ಮಾತಿನಿಂದ ಆತ್ರಿ ಅಕ್ಕಾರ” ಎಂದ.

ಅವತ್ತೇ ಸಂಜೆ ಅತ್ತೆ ಅಡುಗೆಮನೆಯಿಂದ ಉಪ್ಪಿನಕಾಯಿ ಬಾಟಲಿ ತಂದು ನನ್ನ ಮುಂದೆ ಹಿಡಿದರು. “ಇದರ ಮುಚ್ಚಳ ತಗದ ಕೊಡವಾ, ನನ್ನ ಕೈ ಬೆರಳ ಎಲ್ಲಿ ಮಡಚತಾವು.”

ಅತ್ತೆಗೆ ಸಂಧಿವಾತ. ವರ್ಷಗಳಿಂದ ಅವರ ಬೆರಳುಗಳು ಮಡಚುವುದಿಲ್ಲ. ಚಹಾ ಲೋಟವನ್ನೂ ಎರಡು ಅಂಗೈ ನಡುವೆ ಇಟ್ಟುಕೊಂಡೇ ಕುಡಿಯುತ್ತಾರೆ. ದಿನಾ ನೋಡುತ್ತೇನೆ. ದಿನಾ ನೋಡುವುದರಿಂದಲೇ ಏನೋ, ಅದು ನೆನಪಿಗೇ ಬಂದಿರಲಿಲ್ಲ.

ಬಾಟಲಿ ಹಿಡಿದುಕೊಂಡು ನಾನು ಹಾಗೇ ನಿಂತೆ. ನನ್ನ ಮಣಿಕಟ್ಟಿನ ಮೇಲೆ ಆ ಹಿಡಿತದಿಂದ ಕಪ್ಪಾದ ಗುರುತು ಇನ್ನೂ ಮಾಸಿರಲಿಲ್ಲ. ಆ ರಾತ್ರಿ ಒಂದೊಂದೇ ಬೆರಳು ಬಿಡಿಸಿಕೊಂಡೆನಲ್ಲ... ಆಜಾದನನ್ನು ತಡೆಯಲು ಹೋಗದಂತೆ ನನ್ನನ್ನು ಹಿಡಿದಿದ್ದ ಕೈ ಯಾರದು? ಅದು ಅತ್ತೆಯದಲ್ಲ ಎಂದಾದರೆ, ಅತ್ತೆ ಎಲ್ಲಿದ್ದರು? ನಾನು ಮಕ್ಕಳ ಮೇಲೆ ಮಾಡಿದ ಆಣೆ ಏನಾಯಿತು?

ಇದನ್ನು ಆಜಾದನಿಗೆ ನಾನು ಹೇಳಿಲ್ಲ. ಹೇಗೆ ಹೇಳಲಿ? ನನ್ನ ಆ ಒಂದು ಮಾತನ್ನು ನಂಬಿ, ಅಷ್ಟು ದೂರದ ಊರಿನಲ್ಲಿ ಅವನ ತಾಯಿ ಈಗ ದಿನಾ ಸಂಜೆ ಹಸನನ ಮನೆಗೆ ಚಹಾ ಕುಡಿಯಲು ಹೋಗುತ್ತಾರೆ.